ವೈ = 4 ಎಂದರೆ ಅಡ್ಡಗೆರೆ: ಇಂಟರ್‌ಸೆಪ್ಟ್ ಹುಡುಕುವ ಬಗೆ

3ಎಕ್ಸ್ + 4ವೈ = 12 ಎಂಬ ರೇಖೆ ಅಕ್ಷಗಳನ್ನು ಎಲ್ಲಿ ಕತ್ತರಿಸುತ್ತದೆ, ಅಂದರೆ ಅದರ ಇಂಟರ್‌ಸೆಪ್ಟ್‌ಗಳು ಎಲ್ಲಿವೆ ಎಂದು ಕೇಳಿ. ಹತ್ತನೇ ತರಗತಿಯ ಮಕ್ಕಳು ಚಕಚಕನೆ (4, 0), (0, 3) ಎಂದು ಬರೆದುಕೊಡುತ್ತಾರೆ. ಅದೇ ಮಕ್ಕಳಿಗೆ ವೈ = 4 ಕೊಟ್ಟರೆ ಪೆನ್ನು ಕಚ್ಚುತ್ತಾ ಕೂರುತ್ತಾರೆ, ಆಮೇಲೆ (4, 0) ಎಂದು ಬರೆದು ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಆ ರೇಖೆ ಎಕ್ಸ್ ಅಕ್ಷದ ಹತ್ತಿರವೂ ಸುಳಿಯುವುದಿಲ್ಲ.

ತಪ್ಪು ಹುಟ್ಟುವುದು ಟ್ಯೂಷನ್‌ಗಳಲ್ಲಿ ಹೇಳಿಕೊಡುವ ಬೆರಳು ಮುಚ್ಚುವ ಉಪಾಯದಿಂದ. 3ಎಕ್ಸ್ + 4ವೈ = 12ರಲ್ಲಿ ವೈ ಪದವನ್ನು ಬೆರಳಿನಿಂದ ಮುಚ್ಚಿದರೆ 3ಎಕ್ಸ್ = 12 ಉಳಿಯುತ್ತದೆ, ಎಕ್ಸ್ = 4 ಸಿಗುತ್ತದೆ. ವೈ = 4ರಲ್ಲಿ ವೈ ಮುಚ್ಚಿ ನೋಡಿ. ಉಳಿಯುವುದು ಬರೀ ‘= 4’. ಎಡಗಡೆ ಏನೂ ಇಲ್ಲವಲ್ಲ ಎಂದು ಯೋಚಿಸುವ ಬದಲು ಮಕ್ಕಳು ಅಲ್ಲಿ ತಾವೇ ಒಂದು ಎಕ್ಸ್ ಕೂರಿಸಿಬಿಡುತ್ತಾರೆ. ಈ ಪಾಠದ ಮಟ್ಟಿಗೆ ಆ ಉಪಾಯ ಮರೆತುಬಿಡಿ.

ಮೊದಲು ಸಮೀಕರಣವನ್ನು ಚೊಕ್ಕ ಮಾಡಿ. 2ಎಕ್ಸ್ + 9 = 0 ಎಂದರೆ ಎಕ್ಸ್ = −4.5, ಅಷ್ಟೆ. 5ಎಕ್ಸ್ − 3ವೈ = 5ಎಕ್ಸ್ + 12 ನೋಡಲು ಓರೆಗೆರೆಯಂತಿದ್ದರೂ ಎರಡೂ ಕಡೆಯ 5ಎಕ್ಸ್ ಹೊಡೆದುಹೋಗಿ ವೈ = −4 ಆಗುತ್ತದೆ.

ಎರಡನೆಯದು, ಗೆರೆ ಅಡ್ಡವೋ ನೆಟ್ಟಗೋ ಎಂದು ಗುರುತಿಸುವುದು. ವೈ ಅಕ್ಷ ನೆಟ್ಟಗಿದೆ, ಹಾಗಾಗಿ ವೈ = 4 ಕೂಡ ನೆಟ್ಟಗೆರೆ ಎಂದುಕೊಳ್ಳುವವರೇ ಹೆಚ್ಚು. ನಾಲ್ಕಡಿ ಎತ್ತರಕ್ಕೆ ಕಟ್ಟಿದ ಬಟ್ಟೆ ಒಣಹಾಕುವ ಹಗ್ಗವನ್ನು ನೆನೆಯಿರಿ. ಯಾವ ತುದಿಗೆ ಹೋಗಿ ಅಳೆದರೂ ಎತ್ತರ ನಾಲ್ಕೇ. ವೈ = 4 ಹೇಳುವುದೂ ಅದನ್ನೇ: (−3, 4), (0, 4), (7, 4) ಎಲ್ಲವೂ ಅದರ ಮೇಲಿವೆ. ನಂಬಿಕೆ ಬರದಿದ್ದರೆ ಮೂರು ಬಿಂದು ಗುರುತಿಸಿ ಸ್ಕೇಲ್ ಇಡಿ. ವೈ ಮಾತ್ರ ಇದ್ದರೆ ಅಡ್ಡ, ಎಕ್ಸ್ ಮಾತ್ರ ಇದ್ದರೆ ನೆಟ್ಟಗೆ.

ಮೂರನೆಯದೇ ಕೈಕೊಡುವ ಹೆಜ್ಜೆ. ಕಾಣದ ಅಕ್ಷರವನ್ನು ಸೊನ್ನೆ ಸಹಗುಣಕ ಕೊಟ್ಟು ವಾಪಸ್ ಬರೆಯಿರಿ:

0 × ಎಕ್ಸ್ + 1 × ವೈ = 4

ಈ ಸಾಲನ್ನು ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು, ಹಾಳೆಯ ಮೇಲೇ ಬರೆಯಬೇಕು. ಈಗ ಎಕ್ಸ್ = 0 ಹಾಕಿ. ವೈ = 4 ಉಳಿಯುತ್ತದೆ, ಅಂದರೆ ರೇಖೆ ವೈ ಅಕ್ಷವನ್ನು (0, 4)ರಲ್ಲಿ ಕತ್ತರಿಸುತ್ತದೆ. ಇನ್ನು ಎಕ್ಸ್ ಇಂಟರ್‌ಸೆಪ್ಟ್‌ಗಾಗಿ ವೈ = 0 ಹಾಕಿ. 0 × ಎಕ್ಸ್ = 4 ಎಂದು ಬರುತ್ತದೆ. ಎಕ್ಸ್‌ಗೆ ಎಷ್ಟೇ ಬೆಲೆ ಕೊಟ್ಟರೂ ಎಡಗಡೆ ಸೊನ್ನೆಯೇ, ಬಲಗಡೆ 4. ಎಲ್ಲೋ ಲೆಕ್ಕ ತಪ್ಪಿತು ಎಂದು ಇಲ್ಲಿ ಹೊಡೆದುಹಾಕುತ್ತಾರೆ. ಹೊಡೆಯಬೇಡಿ, ಈ ಅಸಂಗತ ಸಾಲೇ ಉತ್ತರ. ‘ಎಕ್ಸ್ ಇಂಟರ್‌ಸೆಪ್ಟ್ ಇಲ್ಲ’ ಎಂದು ಪೂರ್ತಿ ವಾಕ್ಯ ಬರೆಯಿರಿ.

‘ಇಲ್ಲ’ ಎನ್ನುವ ಕಡೆ ‘0’ ಬರೆಯುವುದು ಇನ್ನೊಂದು ಚಾಳಿ. ಎಕ್ಸ್ ಇಂಟರ್‌ಸೆಪ್ಟ್ 0 ಎಂದರೆ ರೇಖೆ ಮೂಲಬಿಂದುವಿನ ಮೂಲಕ ಹಾದುಹೋಗುತ್ತದೆ ಎಂದರ್ಥ, ಅದು ಬೇರೆಯದೇ ಗೆರೆ. 4/0 ಎಂದು ಬರೆದು ಪಕ್ಕದಲ್ಲಿ ಅನಂತದ ಚಿಹ್ನೆ ಹಾಕುವುದೂ ಬೇಡ.

ನೆಟ್ಟಗೆರೆಗೂ ಇದೇ ದಾರಿ. ಎಕ್ಸ್ = −3 ಆದರೆ (−3, 0)ರಲ್ಲಿ ಎಕ್ಸ್ ಅಕ್ಷ ಕತ್ತರಿಸುತ್ತದೆ, ವೈ ಇಂಟರ್‌ಸೆಪ್ಟ್ ಇಲ್ಲ. ಪಿಯುಸಿಯವರಿಗೆ ಒಂದು ಮಾತು: ನೆಟ್ಟಗೆರೆಯ ಸ್ಲೋಪ್ (ಗೆರೆ ಎಷ್ಟು ಓರೆ ಎಂಬ ಅಳತೆ) ವ್ಯಾಖ್ಯಾನಿಸಲಾಗದ್ದು, ಅದಕ್ಕೆ ವೈ = ಎಂಎಕ್ಸ್ + ಸಿ ರೂಪವೇ ಇಲ್ಲ (ಎಂ ಎಂದರೆ ಸ್ಲೋಪ್, ಸಿ ಎಂದರೆ ವೈ ಇಂಟರ್‌ಸೆಪ್ಟ್). ಎಕ್ಸ್/ಎ + ವೈ/ಬಿ = 1 ಎಂಬ ಇಂಟರ್‌ಸೆಪ್ಟ್ ರೂಪವಂತೂ ಅಡ್ಡಗೆರೆಗೂ ಒಗ್ಗದು, ನೆಟ್ಟಗೆರೆಗೂ ಒಗ್ಗದು. ಅದಕ್ಕೆ ಸೊನ್ನೆಯಲ್ಲದ ಎರಡೂ ಇಂಟರ್‌ಸೆಪ್ಟ್ ಬೇಕು.

ಅರ್ಥಶಾಸ್ತ್ರ ಓದುವವರು ಈ ಗೆರೆಗಳನ್ನು ಆಗಲೇ ಬರೆದಿರುತ್ತಾರೆ. ಪೂರ್ಣ ಪೈಪೋಟಿಯ ಮಾರುಕಟ್ಟೆಯಲ್ಲಿ ಒಂದು ಉದ್ಯಮಘಟಕ ಎಷ್ಟು ಮಾರಿದರೂ ಬೆಲೆ ಒಂದೇ, ಹಾಗಾಗಿ ಅದರ ಬೆಲೆ ರೇಖೆ ಅಡ್ಡಗೆರೆ. ಬೆಲೆ 10 ರೂಪಾಯಿ ಇದ್ದರೆ ಬೆಲೆಯ ಅಕ್ಷವನ್ನು 10ರಲ್ಲಿ ಕತ್ತರಿಸುತ್ತದೆ, ಪರಿಮಾಣದ ಅಕ್ಷವನ್ನು ಎಂದೂ ಮುಟ್ಟುವುದಿಲ್ಲ.

ಮೊಬೈಲ್‌ನ ಗ್ರಾಫ್ ಆ್ಯಪ್‌ಗಳಲ್ಲಿ ನೋಡಿದ್ದನ್ನೇ ಉತ್ತರ ಎಂದು ಬರೆಯಬೇಡಿ. ವೈ = 0.01ಎಕ್ಸ್ + 4 ಎಂದು ಟೈಪ್ ಮಾಡಿದರೆ ಪರದೆಯ ಮೇಲೆ ಅಪ್ಪಟ ಅಡ್ಡಗೆರೆಯೇ ಕಾಣುತ್ತದೆ. 1 ಸೆಂ.ಮೀ. = 1 ಮಾನ ಎಂಬ ಅಳತೆಯಲ್ಲಿ ಗ್ರಾಫ್ ಶೀಟ್ ಮೇಲೆ ಎಳೆದರೂ ಎಕ್ಸ್ = −10ರಲ್ಲಿ ಅದು 4ಕ್ಕಿಂತ ಒಂದೇ ಒಂದು ಸಣ್ಣ ಚೌಕ ಕೆಳಗೆ, +10ರಲ್ಲಿ ಒಂದು ಚೌಕ ಮೇಲೆ. ಮೊಂಡು ಪೆನ್ಸಿಲ್ ಹಿಡಿದರೆ ಅಷ್ಟೂ ಮಾಯ. ಆದರೂ ಅದು ಎಕ್ಸ್ ಅಕ್ಷವನ್ನು ಕತ್ತರಿಸುತ್ತದೆ, −400ರಲ್ಲಿ! ಗೆರೆಯ ಮಟ್ಟಿಗೆ ಚೂಪು ಎಚ್‌ಬಿ ಪೆನ್ಸಿಲ್, ಉತ್ತರದ ಮಟ್ಟಿಗೆ ಸಮೀಕರಣ.

ಇನ್ನುಳಿದದ್ದು ಅಕ್ಷಗಳೇ ಸಮೀಕರಣವಾಗಿ ಬರುವ ಪ್ರಸಂಗ. ವೈ = 0 ಎಂದರೆ ಎಕ್ಸ್ ಅಕ್ಷವೇ. ವೈ ಅಕ್ಷವನ್ನು (0, 0)ರಲ್ಲಿ ಕತ್ತರಿಸುತ್ತದೆ. ಎಕ್ಸ್ ಅಕ್ಷದ ಪ್ರತಿಯೊಂದು ಬಿಂದುವೂ ಅದರದೇ ಆದ್ದರಿಂದ ಒಂದೇ ಎಕ್ಸ್ ಇಂಟರ್‌ಸೆಪ್ಟ್ ಎಂದು ಬೊಟ್ಟು ಮಾಡಲಾಗದು.

ಮಾಡಿ ನೋಡಿ: 7 − 2ವೈ = 1; 3(ಎಕ್ಸ್ + ವೈ) = 3ವೈ − 15; 2(ಎಕ್ಸ್ − ವೈ) = 2ಎಕ್ಸ್.

ಉತ್ತರ: ಮೊದಲನೆಯದು (0, 3)ರಲ್ಲಿ ವೈ ಅಕ್ಷವನ್ನು ಮಾತ್ರ ಕತ್ತರಿಸುತ್ತದೆ. ಎರಡನೆಯದು (−5, 0)ರಲ್ಲಿ ಎಕ್ಸ್ ಅಕ್ಷವನ್ನು ಮಾತ್ರ. ಮೂರನೆಯದು ಎಕ್ಸ್ ಅಕ್ಷವೇ.