ಶುಗರ್ ಒಂದನ್ನೇ ನೋಡುತ್ತಾ ಕೂತಿದ್ದೆವು

ಅಣ್ಣನ ಬಲಗೈಯಿಂದ ಚಹಾದ ಕಪ್ಪು ಜಾರಿ ಬಿದ್ದಾಗ ನಾನು ವಾಸ್ಕೋದಿಂದ ಪಣಜಿಗೆ ಮೊದಲ ಟ್ರಿಪ್ ಹೊಡೆಯುತ್ತಿದ್ದೆ. ಕೈ ಮೇಲೆ ಮಲಗಿ ಜೋಮು ಹಿಡಿದಿರಬೇಕು ಅಂತ ವೈನಿ (ಅಣ್ಣನ ಹೆಂಡತಿ) ಎಣ್ಣೆ ತಿಕ್ಕಿದರು. ಆಮೇಲೆ ಮಾತು ತೊದಲಿತು, ಬಾಯಿ ಸೊಟ್ಟಗಾಯಿತು. ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ. ಮೆದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಆ ಹೊತ್ತು ದಾಟಿಹೋಗಿತ್ತು. ಅಣ್ಣನಿಗೆ ಹತ್ತು ವರ್ಷದಿಂದ ಶುಗರ್ ಇತ್ತು. ಸಿಹಿ ಪೂರಾ ಬಿಟ್ಟಿದ್ದ. ಬಿಪಿ ಮಾತ್ರ ಒಮ್ಮೆಯೂ ನೋಡಿಸಿರಲಿಲ್ಲ.

ಮುಂದಿನ ವಾರ ನಾನೂ ರಕ್ತ ಕೊಟ್ಟೆ. ಎಚ್‌ಬಿಎ1ಸಿ 8.1. ರಕ್ತಕಣಕ್ಕೆ ಅಂಟಿದ ಸಕ್ಕರೆಯಿಂದ ಎರಡು-ಮೂರು ತಿಂಗಳ ಲೆಕ್ಕ ಹೇಳುವ ಪರೀಕ್ಷೆ ಅದು, ಹಿಂದಿನ ರಾತ್ರಿ ಉಪವಾಸ ಮಾಡಿ ಮೋಸ ಮಾಡಲಾಗದು. 6.5 ಮುಟ್ಟಿದರೆ ಮಧುಮೇಹ. ಬಿಪಿ 150/94, ಕೆಟ್ಟ ಕೊಲೆಸ್ಟ್ರಾಲ್ 148. ಡಾಕ್ಟರು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: ಹೆಚ್ಚಿದ ಸಕ್ಕರೆ ರಕ್ತನಾಳದ ಒಳಗೋಡೆಯನ್ನು ಕೆಡಿಸುತ್ತದೆ, ಅಲ್ಲಿ ಕೊಬ್ಬು ಕೂರುತ್ತದೆ, ಬಿಪಿ ಆ ಗೋಡೆಗೆ ಇನ್ನಷ್ಟು ಪೆಟ್ಟು ಕೊಡುತ್ತದೆ. ನಾಳ ಕಟ್ಟಿದ್ದು ಹೃದಯದಲ್ಲಾದರೆ ಹಾರ್ಟ್ ಅಟ್ಯಾಕ್, ಮೆದುಳಿನಲ್ಲಾದರೆ ಲಕ್ವಾ, ಅಣ್ಣನಿಗೆ ಆದ ಹಾಗೆ. ಶುಗರ್ ಇದ್ದವರಿಗೆ ನರ ಮಂದವಾಗಿ ಎದೆನೋವೇ ಇಲ್ಲದೆ ಅಟ್ಯಾಕ್ ಆಗುವುದೂ ಉಂಟು. ಬರೀ ಬೆವರು, ಏದುಸಿರು, ಸುಸ್ತು ಕಂಡರೂ ತಡಮಾಡಬಾರದು.

ನಾನು ಡ್ರೈವರ್ ಅಂತ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಕೆಲವು ಶುಗರ್ ಮಾತ್ರೆಗಳು ಸಕ್ಕರೆಯನ್ನು ತೀರಾ ಕೆಳಗಿಳಿಸಿ ಕಣ್ಣು ಕತ್ತಲೆ ಬರಿಸಬಹುದು. ಜುವಾರಿ ಸೇತುವೆ ಮೇಲೆ ಹಾಗಾದರೆ ಹಿಂದೆ ಕೂತವರ ಗತಿ? ನನಗೆ ಆ ಭಯ ಕಡಿಮೆಯಿರುವ ಮೆಟ್‌ಫಾರ್ಮಿನ್ ಬರೆದರು, ಜೊತೆಗೆ ಬಿಪಿ ಮಾತ್ರೆ, ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್.

ನನ್ನ ಕಣ್ಣು ತೆರೆಸಿದ್ದು ಬೆರಳು ಚುಚ್ಚಿ ನೋಡುವ ಮಷಿನ್. ಊಟಕ್ಕೆ ಮೊದಲು ಒಮ್ಮೆ, ಎರಡು ತಾಸು ಬಿಟ್ಟು ಇನ್ನೊಮ್ಮೆ ಚುಚ್ಚಿಕೊಂಡು ಡೈರಿಯಲ್ಲಿ ಬರೆದೆ. ಬೆಳಗಿನ ಎರಡು ಪಾವ್, ಭಾಜಿ, ಸಕ್ಕರೆ ಹಾಕಿದ ಚಹಾ: 234. ಜೋಳದ ರೊಟ್ಟಿ ಎಷ್ಟು ತಿಂದರೂ ಏನೂ ಆಗುವುದಿಲ್ಲ ಅಂತ ನಮ್ಮ ಬಾಗಲಕೋಟೆ ಕಡೆ ಎಲ್ಲರೂ ನಂಬಿದ್ದಾರೆ, ನಾನೂ ನಂಬಿದ್ದೆ. ಮೂರು ರೊಟ್ಟಿ, ಎಣ್ಣೆಗಾಯಿ ತಿಂದ ದಿನ 212 ಬಂತು! ಮರುದಿನ ಒಂದೂವರೆ ರೊಟ್ಟಿ. ಮೊದಲು ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಆಮೇಲೆ ಹೆಸರುಕಾಳಿನ ಪಲ್ಯ, ಕೊನೆಗೆ ರೊಟ್ಟಿ: 158. ರೊಟ್ಟಿಯದು ತಪ್ಪಲ್ಲ, ಲೆಕ್ಕವಿಲ್ಲದೆ ತಿಂದದ್ದು ತಪ್ಪು. ನನ್ನ ಅಂಕಿ ನನ್ನ ಮೈಗೆ ಸೇರಿದ್ದು, ನಿಮ್ಮದನ್ನು ನೀವೇ ಚುಚ್ಚಿ ನೋಡಬೇಕು.

ಊಟವಾದ ಮೇಲೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗುತ್ತಿದ್ದೆ. ಈಗ ಪಣಜಿ ಸ್ಟ್ಯಾಂಡಿನಲ್ಲೇ ಹದಿನೈದು ನಿಮಿಷ ಸುತ್ತುತ್ತೇನೆ. ನಡೆಯುವ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ, ಮಷಿನ್ನಿನಲ್ಲಿ ಅದು ಕಾಣುತ್ತದೆ. ಬಿಪಿಗಾಗಿ ಉಪ್ಪಿನಕಾಯಿ, ಹಪ್ಪಳ ಹಬ್ಬಕ್ಕೆ ಮಾತ್ರ.

ತಂಬಾಕು ಬಿಡುವುದು ಎಲ್ಲಕ್ಕಿಂತ ಕಷ್ಟವಾಯಿತು. ನಿದ್ದೆ ಬರಬಾರದು ಅಂತ ಇಪ್ಪತ್ತು ವರ್ಷ ದವಡೆಯಲ್ಲಿ ಇಟ್ಟುಕೊಂಡಿದ್ದೆ. ಮೂರು ಸಲ ಬಿಟ್ಟೆ, ಮೂರು ಸಲ ಮತ್ತೆ ಹಿಡಿದೆ. ನಾಲ್ಕನೇ ಸಲ ಅಣ್ಣನ ಮುಂದೆ ತಂಬಾಕಿನ ಚೀಟಿ ಇಟ್ಟೆ. ಅವನು ಬಲಗೈ ಎತ್ತಲಾರದೆ ಎಡಗೈಯಿಂದ ಅದನ್ನು ದೂರ ಸರಿಸಿದ. ಆಮೇಲೆ ಮುಟ್ಟಿಲ್ಲ.

ಆರು ತಿಂಗಳಿಗೆ ಎಚ್‌ಬಿಎ1ಸಿ 6.7, ಬಿಪಿ 128/78, ಕೆಟ್ಟ ಕೊಲೆಸ್ಟ್ರಾಲ್ 84. ಮಾತ್ರೆ ನಿಲ್ಲಿಸಿಲ್ಲ, ಡಾಕ್ಟರು ಹೇಳದೆ ನಿಲ್ಲಿಸುವುದೂ ಇಲ್ಲ. ಭಾನುವಾರ ಅಣ್ಣನ ಮನೆಗೆ ಹೋಗಿ ಇಬ್ಬರದೂ ಬಿಪಿ ನೋಡುತ್ತೇನೆ. ವೈನಿ ಅಡುಗೆಮನೆಯ ಗೋಡೆಗೆ ದೊಡ್ಡ ಅಕ್ಷರದ ಒಂದು ಕಾಗದ ಅಂಟಿಸಿದ್ದಾರೆ: ಮುಖ ಸೊಟ್ಟ, ಕೈ ಸೋಲು, ಮಾತು ತೊದಲು — ತಕ್ಷಣ 108.