ಬಾಲ್ ಬಿಡಿ, ಸೇಫ್ಟಿಗಳನ್ನು ಎಣಿಸಿ

ಸೆಪ್ಟೆಂಬರ್ ಬಂತೆಂದರೆ ಅಮೆರಿಕದಲ್ಲಿ ಭಾನುವಾರ ಪೂರ್ತಿ ಅಮೆರಿಕನ್ ಫುಟ್‌ಬಾಲ್. ಸೋಮವಾರ ಆಫೀಸಿನಲ್ಲೂ ಅದೇ ಮಾತು. ಹೊಸದಾಗಿ ಬಂದವರು ನಿಯಮಗಳನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ನಾಲ್ಕು ಡೌನ್, ಅಂದರೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಯಾರ್ಡ್ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಸಿಗುತ್ತವೆ. ಇಷ್ಟು ಗೊತ್ತಾದ ಮೇಲೂ ನಮ್ಮವರಲ್ಲಿ ಬಹಳ ಜನರಿಗೆ ಆಟ ಹಿಡಿಸುವುದಿಲ್ಲ. ಐದು ಸೆಕೆಂಡ್ ನೂಕಾಟ, ಅರ್ಧ ನಿಮಿಷ ಸುಮ್ನೆ ನಿಲ್ಲೋದು, ಆಮೇಲೆ ಜಾಹೀರಾತು. ಇದರಲ್ಲಿ ಏನಿದೆ ಅನ್ನಿಸುತ್ತದೆ, ಅಲ್ವಾ? ನನ್ನ ಪ್ರಕಾರ ಮಜಾ ಇರುವುದು ಆ ಅರ್ಧ ನಿಮಿಷದಲ್ಲಿ, ಅದೂ ಡಿಫೆನ್ಸ್ ಕಡೆ.

ಡಿಫೆನ್ಸ್ ಆಟಗಾರರಲ್ಲಿ ಒಬ್ಬನ ಹೆಲ್ಮೆಟ್ ಹಿಂದೆ ಹಸಿರು ಚುಕ್ಕೆ ಕಾಣುತ್ತದೆ. ಅವನ ಹೆಲ್ಮೆಟ್ಟಿನೊಳಗೆ ರೇಡಿಯೊ ಇದೆ ಅಂತ ಅರ್ಥ. 2008ರಿಂದ ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಇದಕ್ಕೆ ಅವಕಾಶ ಕೊಟ್ಟಿದೆ. ಹೆಡ್ ಕೋಚ್ ಕೈಕೆಳಗಿನ ಡಿಫೆನ್ಸಿವ್ ಕೋಆರ್ಡಿನೇಟರ್ ಸಾಮಾನ್ಯವಾಗಿ ಯಾವ ಪ್ಲೇ, ಅಂದರೆ ಈ ಸಲ ಯಾವ ತಂತ್ರ, ಅಂತ ತೀರ್ಮಾನ ಮಾಡುತ್ತಾರೆ. ಅದು ಆ ಆಟಗಾರನ ಕಿವಿಗೆ ಬೀಳುತ್ತದೆ. ಆಟ ಶುರು ಮಾಡಲು ಉಳಿದ ಸಮಯ ತೋರಿಸುವ ಪ್ಲೇ ಕ್ಲಾಕ್‌ನಲ್ಲಿ 15 ಸೆಕೆಂಡ್ ಉಳಿದಾಗ ರೇಡಿಯೊ ಕಟ್. ಆಮೇಲೆ ಎದುರಿನ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವವನು) ಏನಾದರೂ ಬದಲಾಯಿಸಿದರೆ ಮೈದಾನದಲ್ಲಿರುವವರೇ ಕೂಗಾಡಿ, ಕೈಸನ್ನೆ ಮಾಡಿ ಸರಿಹೊಂದಿಸಿಕೊಳ್ಳಬೇಕು.

ಈಗ ಲೆಕ್ಕ. ಡಿಫೆನ್ಸ್‌ನಲ್ಲಿ 11 ಜನ. ಎದುರಾಳಿಗಳಲ್ಲಿ ಪಾಸ್ ಹಿಡಿಯಲು ಓಡುವವರು ಹೆಚ್ಚೆಂದರೆ ಐದು ಜನ. ಕ್ವಾರ್ಟರ್‌ಬ್ಯಾಕ್ ಮೇಲೆ ನಾಲ್ವರು ನುಗ್ಗಿದರೆ ಹಿಂದೆ ಕಾವಲಿಗೆ ಏಳು ಜನ ಉಳಿಯುತ್ತಾರೆ. ಐದು ಅಥವಾ ಅದಕ್ಕಿಂತ ಜಾಸ್ತಿ ಜನ ನುಗ್ಗಿದರೆ ಅದಕ್ಕೆ ಬ್ಲಿಟ್ಜ್ ಅಂತಾರೆ. ಒತ್ತಡ ಏರುತ್ತದೆ, ಹಿಂದೆ ಜಾಗ ಖಾಲಿಯಾಗುತ್ತದೆ. ಎಲ್ಲರಿಗಿಂತ ಹಿಂದೆ ನಿಲ್ಲುವ ಸೇಫ್ಟಿಗಳನ್ನೂ ಎಣಿಸಿ. ಒಬ್ಬನೇ ಇದ್ದರೆ ಇನ್ನೊಬ್ಬ ಮುಂದೆ ಬಂದು ಓಟ ತಡೆಯಲು ನಿಂತಿರಬಹುದು. ಇಬ್ಬರೂ ಆಳದಲ್ಲಿದ್ದರೆ ಉದ್ದದ ಪಾಸ್ ಕೊಡಬಾರದು ಅಂತ ಇರುತ್ತದೆ. ಟಿವಿ ಕ್ಯಾಮೆರಾ ಇವರನ್ನು ಎಷ್ಟೋ ಸಲ ಚೌಕಟ್ಟಿನಿಂದ ಹೊರಗೇ ಬಿಡುತ್ತದೆ. ಅದು ನನಗೆ ಸದಾ ಕಿರಿಕಿರಿ.

ಎಲ್ಲವನ್ನೂ ತಡೆಯುವ ಡಿಫೆನ್ಸ್ ಇಲ್ಲ. ಏನನ್ನು ಕೊಟ್ಟರೆ ನಡೆಯುತ್ತದೆ ಅಂತ ಆರಿಸುವುದೇ ಕೋಚ್ ಕೆಲಸ. ಕ್ರಿಕೆಟ್‌ನಲ್ಲಿ ಬೌಂಡರಿಗೆ ಫೀಲ್ಡರ್‌ಗಳನ್ನು ಕಳಿಸಿ, ಸಿಂಗಲ್ ಬೇಕಾದರೆ ತಗೋ ಅನ್ನೋ ಹಾಗೆ.

ಇದನ್ನು ಚೆನ್ನಾಗಿ ತೋರಿಸುವ ಕಥೆ ಟಾಡ್ ಬೋಲ್ಸ್ ಅವರದು. 2020ರಲ್ಲಿ ಅವರು ಟ್ಯಾಂಪಾ ಬೇ ಬಕನೀರ್ಸ್ ತಂಡದ ಡಿಫೆನ್ಸಿವ್ ಕೋಆರ್ಡಿನೇಟರ್. ಬ್ಲಿಟ್ಜ್ ಅಂದರೆ ಅವರಿಗೆ ಪ್ರಾಣ. ಆ ನವೆಂಬರ್ 29ರಂದು ಕಾನ್ಸಾಸ್ ಸಿಟಿ ಚೀಫ್ಸ್ ಎದುರು ಆ ಧೈರ್ಯವೇ ಕೈಕೊಟ್ಟಿತು. ಚೀಫ್ಸ್‌ನ ಟೈರೀಕ್ ಹಿಲ್ ಮೊದಲ ಕ್ವಾರ್ಟರ್ (ಪಂದ್ಯದ ಕಾಲು ಭಾಗ) ಒಂದರಲ್ಲೇ ಪಾಸ್ ಹಿಡಿದು 203 ಯಾರ್ಡ್ ಬಾಚಿಕೊಂಡರು. ಪಂದ್ಯ ಮುಗಿಯುವಾಗ ಅದು 269. ಚೀಫ್ಸ್ 27-24ರಿಂದ ಗೆದ್ದರು.

ಹತ್ತು ವಾರ ಕಳೆದು, 2021ರ ಫೆಬ್ರುವರಿ 7ರಂದು, ಅದೇ ಟ್ಯಾಂಪಾ ಮೈದಾನದಲ್ಲಿ ಅದೇ ಎರಡು ತಂಡ, ಈ ಸಲ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್. ಬೋಲ್ಸ್ ತಮ್ಮ ಅಭ್ಯಾಸವನ್ನೇ ಬದಿಗಿಟ್ಟರು. ಬ್ಲಿಟ್ಜ್ ತೀರಾ ಅಪರೂಪ. ಹೆಚ್ಚಾಗಿ ಸೇಫ್ಟಿಗಳಿಬ್ಬರೂ ಆಳದಲ್ಲೇ. ಚಿಕ್ಕ ಪಾಸ್ ಬೇಕಾದರೆ ಕೊಡುತ್ತೇನೆ, ಉದ್ದದ್ದು ಇಲ್ಲ ಅನ್ನೋ ಲೆಕ್ಕ. ಚೀಫ್ಸ್ ಪರ ಕ್ವಾರ್ಟರ್‌ಬ್ಯಾಕ್‌ನನ್ನು ಎರಡೂ ಅಂಚಿನಲ್ಲಿ ಕಾಯಬೇಕಿದ್ದ ಟ್ಯಾಕಲ್‌ಗಳು ಗಾಯದಿಂದ ಹೊರಗಿದ್ದರು. ಹಾಗಾಗಿ ನಾಲ್ವರೇ ನುಗ್ಗಿದರೂ ಆ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಇಡೀ ರಾತ್ರಿ ಓಡಾಡಿಯೇ ಸುಸ್ತಾದರು. ಹಿಲ್‌ಗೆ ಸಿಕ್ಕಿದ್ದು 73 ಯಾರ್ಡ್. ಚೀಫ್ಸ್ ಒಂದು ಸಲವೂ ಚೆಂಡನ್ನು ಕೊನೆಯ ಗೆರೆ ದಾಟಿಸಿ ಟಚ್‌ಡೌನ್ ಮಾಡಲಿಲ್ಲ, ಬಕನೀರ್ಸ್ 31-9ರಿಂದ ಗೆದ್ದರು. ಹಳೆಯ ಸೋಲಿನಿಂದ ಪಾಠ ಕಲಿತಿದ್ದು ನಿಜ, ಆದರೆ ಎದುರಾಳಿಯ ಗಾಯವನ್ನೂ ಸರಿಯಾಗಿ ಓದಿದ್ದರು. ನನಗೆ ಜಾಸ್ತಿ ಇಷ್ಟವಾಗೋದು ಎರಡನೆಯದು.

ಬಿಲ್ ಬೆಲಿಚೆಕ್ 1991ರ ಜನವರಿಯ ಸೂಪರ್ ಬೌಲ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ಡಿಫೆನ್ಸಿವ್ ಕೋಆರ್ಡಿನೇಟರ್ ಆಗಿ ಇದಕ್ಕಿಂತ ದೊಡ್ಡ ಪಣ ಕಟ್ಟಿದ್ದರು. ಬಫಲೋ ಬಿಲ್ಸ್‌ನ ಥರ್ಮನ್ ಥಾಮಸ್ ಓಡಿದರೆ ಓಡಲಿ, ಪಾಸ್ ಮಾತ್ರ ನಿಲ್ಲಿಸಿ ಅಂದರು. ಥಾಮಸ್ 135 ಯಾರ್ಡ್ ಓಡಿದರು. ಜೈಂಟ್ಸ್ 20-19ರಿಂದ ಗೆದ್ದರು. ಕೊನೆಗೆ ಬಿಲ್ಸ್ ಒದ್ದ 47 ಯಾರ್ಡ್ ಫೀಲ್ಡ್ ಗೋಲ್ (ಕಂಬಗಳ ನಡುವೆ ಹೋದರೆ ಮೂರು ಅಂಕ) ಕಂಬದ ಬಲಕ್ಕೆ ಹೋಯಿತು ಅನ್ನೋದನ್ನೂ ಮರೆಯಬಾರದು. ಪ್ಲಾನ್ ಎಷ್ಟು ಚೆನ್ನಾಗಿದ್ದರೂ ಅದೃಷ್ಟ ಬೇಕಲ್ಲ! ಆ ಪ್ಲಾನ್ ಈಗ ಒಹಾಯೋದ ಕ್ಯಾಂಟನ್‌ನಲ್ಲಿರುವ ಫುಟ್‌ಬಾಲ್ ಮ್ಯೂಸಿಯಂ ಹಾಲ್ ಆಫ್ ಫೇಮ್‌ನಲ್ಲಿದೆ.

ಬ್ಲಿಟ್ಜ್ ಇಲ್ಲದೆ ಗೆಲ್ಲೋದು ಬೋಲ್ಸ್ ಒಬ್ಬರ ಕೈಚಳಕವಲ್ಲ. 2025ರ ಸೂಪರ್ ಬೌಲ್‌ನಲ್ಲಿ ಚೀಫ್ಸ್ ಎದುರು ಫಿಲಡೆಲ್ಫಿಯಾ ಈಗಲ್ಸ್‌ನ ಡಿಫೆನ್ಸಿವ್ ಕೋಆರ್ಡಿನೇಟರ್ ವಿಕ್ ಫ್ಯಾಂಜಿಯೊ ಒಂದೇ ಒಂದು ಬ್ಲಿಟ್ಜ್ ಕರೆಯಲಿಲ್ಲ. ಆದರೂ ಮಹೋಮ್ಸ್ ಆರು ಸಲ ಸ್ಯಾಕ್ ಆದರು, ಅಂದರೆ ಪಾಸ್ ಎಸೆಯುವ ಮೊದಲೇ ಸಿಕ್ಕಿಬಿದ್ದರು, ಈಗಲ್ಸ್ 40-22ರಿಂದ ಗೆದ್ದರು.

ಸೂಪರ್ ಬೌಲ್ ಪಾಟ್‌ಲಕ್‌ಗೆ ಯಾರಾದರೂ ಕರೆದರೆ ಹೋಗಿ. ಪುಳಿಯೋಗರೆ ಒಯ್ದರೂ ನಡೆಯುತ್ತದೆ, ಖಾಲಿಯಾಗುತ್ತದೆ. ಮೂರನೇ ಡೌನ್ ಬಂದಾಗ, ಇನ್ನೂ ಏಳೆಂಟು ಯಾರ್ಡ್ ಬೇಕಿದ್ದರೆ, ಮಾತು ನಿಲ್ಲಿಸಿ ಟಿವಿ ನೋಡಿ. ನುಗ್ಗಲು ಎಷ್ಟು ಜನ, ಆಳದಲ್ಲಿ ಎಷ್ಟು ಜನ? ಮೊದಲ ಅರ್ಧದಲ್ಲಿ ಒಂದು ರೀತಿ ನಿಂತಿದ್ದು, ಬ್ರೇಕ್ ಮುಗಿಸಿ ಬಂದು ಬೇರೆ ರೀತಿ ನಿಂತರೆ, ಪಕ್ಕದಲ್ಲಿ ಕೂತವರನ್ನು ಯಾಕೆ ಅಂತ ಕೇಳಿ. ಇಲ್ಲಿನವರಿಗೆ ಈ ಪ್ರಶ್ನೆ ಕೇಳಿದರೆ ಖುಷಿಯೋ ಖುಷಿ; ನಾಲ್ಕನೇ ಕ್ವಾರ್ಟರ್ ಮುಗಿಯುವ ತನಕ ವಿವರಿಸುತ್ತಾರೆ.