ಕೈಯಲ್ಲಿ ‘ಓದಿದ’ ದ್ರಾಕ್ಷಿ

ನಾನು ಜರ್ಮನಿಗೆ ಬಂದ ಮೊದಲ ವರ್ಷ. ಮೋಸೆಲ್ ನದಿ ದಂಡೆಯ ಹಳ್ಳಿಯೊಂದರಲ್ಲಿ, ದ್ರಾಕ್ಷಿ ತೋಟದ ಬೋರ್ಡಿನ ಮೇಲೆ ‘ವಿಯರ್ ಲೇಝೆನ್ ಫೋನ್ ಹಾಂಡ್’ ಅಂತ ಬರೆದಿತ್ತು. ‘ಲೇಝೆನ್’ ಅಂದರೆ ಓದುವುದು ಅಂತ ಬಾಯಿಪಾಠ ಮಾಡಿದ್ದೆ. ನಾವು ಕೈಯಲ್ಲಿ ಓದುತ್ತೇವೆ? ಅರ್ಥವೇ ಆಗಲಿಲ್ಲ.

ಅಕ್ಟೋಬರಿನಲ್ಲಿ ಎರಡು ದಿನ ಅಲ್ಲೇ ಕೊಯ್ಲಿಗೆ ಹೋದೆ. ಕಡಿದಾದ ಇಳಿಜಾರು, ಕಾಲಡಿಯಲ್ಲಿ ಸ್ಲೇಟ್ ಕಲ್ಲಿನ ಚೂರುಗಳು. ರೀಸ್ಲಿಂಗ್ ತಳಿಯ ದ್ರಾಕ್ಷಿ ಗೊಂಚಲನ್ನು ಎಡಗೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ತೊಟ್ಟು ಕತ್ತರಿಸಬೇಕು. ಕೊಳೆತ ಹಣ್ಣಿದ್ದರೆ ಬೆರಳಲ್ಲೇ ಕಿತ್ತು ಬಿಸಾಡಬೇಕು. ಪಕ್ಕದ ಸಾಲಿನ ಅಜ್ಜಿ ಈ ಕೆಲಸಕ್ಕೇ ‘ಲೇಝೆನ್’ ಅನ್ನುತ್ತಿದ್ದರು. ನನಗೆ ನೆನಪಾದದ್ದು ನಮ್ಮಜ್ಜಿ. ಮೊರದಲ್ಲಿ ಅಕ್ಕಿ ಹರಡಿ, ಕಲ್ಲು ಆಯುತ್ತಾ ಕೂತಿರುತ್ತಿದ್ದರು.

ಆಮೇಲೆ ಗ್ರಿಮ್ ಸಹೋದರರ ನಿಘಂಟು ತೆಗೆದೆ. 1838ರಲ್ಲಿ ಶುರುವಾಗಿ 1961ರಲ್ಲಿ ಮುಗಿದ ಈ ನಿಘಂಟನ್ನು ಈಗ ಅಂತರಜಾಲದಲ್ಲಿ ಪುಕ್ಕಟೆ ನೋಡಬಹುದು. ಅಲ್ಲಿಂದ ಎಳೆ ಹಿಡಿದು ಹಿಂದೆ ಹಿಂದೆ ಹೋದೆ. ಆರಿಸುವುದು, ಕೂಡಿಸುವುದು, ಇದೇ ಹಳೆಯ ಅರ್ಥ. ಜರ್ಮನ್ನಿನ ಹಳೆಯ ನೆಂಟ ಭಾಷೆಯಾದ ಗೋಥಿಕ್‌ನ 4ನೇ ಶತಮಾನದ ಬೈಬಲ್ಲಿನಲ್ಲಿ, ಹಕ್ಕಿಗಳು ಕಣಜಕ್ಕೆ ಕಾಳು ಕೂಡಿಸುವುದಿಲ್ಲ ಅನ್ನುವ ಕಡೆ ಇರುವುದು ‘ಲಿಸಾನ್’. ಲಿಥುವೇನಿಯನ್ ಭಾಷೆಯ ‘ಲೆಸ್ತಿ’ ಇದರ ನೆಂಟ, ಅದಕ್ಕೆ ಹಕ್ಕಿ ಕಾಳು ಹೆಕ್ಕುವುದು ಅಂತ ಅರ್ಥ. ಎಷ್ಟು ಚೆಂದ ಅಲ್ವಾ! ಓದುವ ಅರ್ಥ ಸೇರಿದ್ದು ಆಮೇಲೆ. ಲ್ಯಾಟಿನ್ನಿನ ‘ಲೆಗೆರೆ’ಗೂ ಆರಿಸು, ಓದು ಎರಡೂ ಅರ್ಥಗಳಿವೆ. ಬೇರು ಬೇರೆಯಾದರೂ ಅದರ ಪ್ರಭಾವದಿಂದಲೇ ಹೀಗಾಯಿತು ಅನ್ನುವುದು ಬಹಳಷ್ಟು ವಿದ್ವಾಂಸರ ಮಾತು.

ಅಂದಿನಿಂದ ‘ಲೇಝೆನ್’ ಎದುರು ಮೊದಲು ‘ಆಯು’ ಅಂತ ಬರೆದುಕೊಂಡೆ, ಆಮೇಲೆ ‘ಓದು’. ಸುಮ್ನೆ ಉರು ಹೊಡೆಯುತ್ತಿದ್ದ ಪದಗಳೆಲ್ಲ ತಾವಾಗಿಯೇ ಬಿಡಿಸಿಕೊಂಡವು. ‘ವೈನ್‌ಲೇಝೆ’ ದ್ರಾಕ್ಷಿ ಕೊಯ್ಲು. ‘ಶ್ಪೇಟ್‌ಲೇಝೆ’ ತಡವಾದ ಕೊಯ್ಲು, ಅದರ ವೈನಿಗೂ ಅದೇ ಹೆಸರು. ‘ಬ್ಲ್ಯೂಟೆನ್‌ಲೇಝೆ’ ಅಂದರೆ ಹೂ ಆಯುವುದು, ಆಯ್ದ ಬರಹಗಳ ಸಂಕಲನ. ಚಿಂದಿ ಆಯುವುದಕ್ಕೂ ಆಯ್ದ ಕವಿತೆಗಳಿಗೂ ನಮ್ಮಲ್ಲಿ ಒಂದೇ ಧಾತು ಇದೆಯಲ್ಲ, ಹಾಗೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ‘ಔಸ್‌ಲೇಝೆನ್’. ಬೇಳೆಯಲ್ಲಿ ಕಲ್ಲು ಆರಿಸುವಾಗಲೂ ಅದೇ, ಪುಸ್ತಕ ಕೊನೆಯ ಪುಟದವರೆಗೆ ಓದಿ ಮುಗಿಸಿದಾಗಲೂ ಅದೇ.